ಈರುಳ್ಳಿ ಪೈರಿನ ಹಸಿರು

ಶುಕ್ರವಾರದ ನಮಾಜು ಮುಗಿಸಿ ಅಂಗಡಿಗೆ ವಾಪಸು ಬರುವಷ್ಟರಲ್ಲಿ ಪಕ್ಕದ ಟೈಲರ್ ಒಂದು ಸುಣ್ಣದ ಡಬ್ಬಿಯನ್ನು ನನ್ನ ಕೈಗಿಟ್ಟ. ಹೊನ್ನಾಳಿಯ ಅಕ್ಕಸಾಲಿ ಆಚಾರ್ರು ಬಂದಿದ್ದರಂತೆ, ನಮ್ಮ ಚನ್ನಗಿರಿಯಲ್ಲಿ ಯಾರದೋ ಮದುವೆ, ಅವಸರದಲ್ಲಿ ಕೊಟ್ಟು ಹೋದರಂತೆ. ಎಲೆ ಅಡಿಕೆ ಹಾಕುವವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವಂಥ ಹಳೆಯ ಹಿತ್ತಾಳೆ ಡಬ್ಬಿ. ತೆರೆದರೆ ಸುಣ್ಣದ ಬದಲು ಹತ್ತಿ, ಹತ್ತಿಯೊಳಗೆ ಹೆಬ್ಬೆರಳ ದಪ್ಪದ ಹಸಿರು ಕಲ್ಲು, ಅದರ ಮೇಲೆ ಮಡಚಿದ ಚೀಟಿ. ‘ಬುಧನ ಹರಳು. ಐದೂವರೆ ರತ್ತಿಗೆ ಕಡಿಮೆ ಬೇಡ.’ ಅಷ್ಟೇ ಬರೆದಿತ್ತು.

ಕಲ್ಲು ಯಾರದು, ಯಾವಾಗ ಬೇಕು ಎಂಬುದು ಚೀಟಿಯಲ್ಲಿ ಇರಲಿಲ್ಲ. ನಾನೂ ಫೋನ್ ಮಾಡಿ ಕೇಳಲಿಲ್ಲ. ನಮ್ಮ ಕಡೆ ಹಸಿರು ಕಲ್ಲೆಂದರೆ ಬುಧ, ಕೆಂಪೆಂದರೆ ಸೂರ್ಯ. ರತ್ತಿ ಲೆಕ್ಕದ ತೂಕ ಸರಿಯಿರಬೇಕು, ಉಂಗುರದ ಅಡಿ ತೆರೆದಿರಬೇಕು, ಕಲ್ಲು ಬೆರಳಿನ ಚರ್ಮಕ್ಕೆ ತಾಗಬೇಕು. ಅಷ್ಟಾದರೆ ಗಿರಾಕಿ ಖುಷಿ. ಬಣ್ಣ ಹೇಗಿದೆ ಎಂದು ಕಿಟಕಿಗೆ ಹಿಡಿದು ನೋಡುವವರನ್ನು ನಾನು ಕಂಡಿದ್ದೇ ಕಡಿಮೆ. ಸಾಣೆ ಹಿಡಿಯುವ ನನಗೂ ಹಾಗೆ ನೋಡುವ ಅಭ್ಯಾಸ ತಪ್ಪಿಹೋಗಿತ್ತು.

ಕಲ್ಲು ಪಚ್ಚೆಯಲ್ಲ ಎಂಬುದು ಕೈಗೆತ್ತಿಕೊಂಡ ಕೂಡಲೇ ಗೊತ್ತಾಯಿತು. ಮೈತುಂಬ ಉದ್ದುದ್ದ ಗೆರೆಗಳು, ಅಡ್ಡಕ್ಕೆ ನೋಡಿದರೆ ಉಬ್ಬಿದ ತ್ರಿಕೋನ. ಆದರೂ ಖಾತ್ರಿ ಮಾಡಿಕೊಳ್ಳುವುದು ನನ್ನ ಚಾಳಿ. ಅಗರಬತ್ತಿಯ ಬೂದಿಯನ್ನು ಕಾಗದದ ಮೇಲೆ ಉದುರಿಸಿ, ಕಲ್ಲನ್ನು ದೀಪದ ಮೇಲೆ ನಿಧಾನವಾಗಿ ಬೆಚ್ಚಗೆ ಮಾಡಿ ಹತ್ತಿರ ಹಿಡಿದೆ. ಬೂದಿ ಎಗರಿ ಕಲ್ಲಿನ ತುದಿಗೆ ಅಂಟಿಕೊಂಡಿತು. ಬೆಚ್ಚಗಾದರೆ ಹೀಗೆ ಬೂದಿ ಸೆಳೆಯುವ ಗುಣ ಟೂರ್ಮಲಿನ್‌ಗೆ ಇದೆ, ಪಚ್ಚೆಗೆ ಇಲ್ಲ. ನಮ್ಮ ಕಸುಬಿನವರು ಇದನ್ನು ತುರಮಲಿ ಅನ್ನುತ್ತಾರೆ. ಪಚ್ಚೆ ಕೊಳ್ಳಲಾಗದವರಿಗೆ ಬುಧನ ಹೆಸರಲ್ಲಿ ಇದನ್ನೇ ಕಟ್ಟಿಕೊಡುವುದುಂಟು. ಹಾಗಾಗಿ ಚೀಟಿಯ ಮಾತಿನಲ್ಲಿ ನನಗೆ ಅನುಮಾನ ಪಡುವಂಥದ್ದು ಏನೂ ಕಾಣಲಿಲ್ಲ.

ಹಸಿರು ತುರಮಲಿಗೆ ಇನ್ನೊಂದು ಗುಣವಿದೆ, ಮುಂದಿನದೆಲ್ಲ ಅದರ ಮೇಲೆ ನಿಂತಿರುವುದರಿಂದ ಇಲ್ಲೇ ಹೇಳಬೇಕು. ಅದು ಎರಡು ಕಡೆಯಿಂದ ಎರಡು ಬಣ್ಣ ತೋರಿಸುತ್ತದೆ. ಕಲ್ಲು ಉದ್ದಕ್ಕೆ ಬೆಳೆದಿರುತ್ತದಲ್ಲ, ಅದರ ಪಕ್ಕದಿಂದ ನೋಡಿದರೆ ಹಸಿರು. ತುದಿಯಿಂದ, ಅಂದರೆ ಕೊಳವೆಯೊಳಗೆ ಇಣುಕಿದ ಹಾಗೆ ಉದ್ದಕ್ಕೆ ನೋಡಿದರೆ, ಕಪ್ಪು. ಕೆಲವು ಕಲ್ಲುಗಳಲ್ಲಿ ತುದಿಯ ಬಣ್ಣ ಸ್ವಲ್ಪ ಗಾಢ ಅಷ್ಟೇ. ಇದರಲ್ಲಿ ಬೆಳಕೇ ದಾಟುತ್ತಿರಲಿಲ್ಲ. ಬಣ್ಣ ಬೇಕೆಂದರೆ ಅಗಲವಾದ ಮೇಲ್ಮುಖವನ್ನು ಪಕ್ಕದ ಕಡೆಗೆ ಬರುವಂತೆ ಕೊಯ್ಯಬೇಕು. ಆದರೆ ಕಲ್ಲಿನ ಮುಕ್ಕಾಲು ಪಾಲು ಬಿರುಕು, ಕೂದಲೆಳೆಯಂಥ ಟೊಳ್ಳು ಗೆರೆಗಳು. ಚೊಕ್ಕಟವಾಗಿದ್ದದ್ದು ಬುಡದ ಒಂದು ಗಿಡ್ಡ ತುಂಡು ಮಾತ್ರ, ಉದ್ದಕ್ಕಿಂತ ದಪ್ಪವೇ ಹೆಚ್ಚು. ಅದರಲ್ಲಿ ಐದೂವರೆ ರತ್ತಿ ಉಳಿಯಬೇಕಾದರೆ ಮೇಲ್ಮುಖ ತುದಿಯ ಕಡೆಗೇ ಬರಬೇಕು, ಬೇರೆ ದಾರಿಯಿಲ್ಲ.

ನಾನು ತೂಕವನ್ನು ಆರಿಸಿಕೊಂಡೆ. ನಾಲ್ಕು ದಿನ ಹಿಡಿಯಿತು. ಗುಂಡಗೆ, ಅಚ್ಚುಕಟ್ಟಾಗಿ, ಅಳತೆಗೆ ಒಂದು ಎಳೆ ಹೆಚ್ಚೂ ಇಲ್ಲದ, ಕಡಿಮೆಯೂ ಇಲ್ಲದ ಕಲ್ಲು. ಮೇಲಿನಿಂದ ನೋಡಿದರೆ ಔಷಧಿ ಬಾಟಲಿಯ ತಳದ ಹಾಗೆ ಕಪ್ಪು. ಅಂಚಿನಲ್ಲಿ ಮಾತ್ರ, ಓರೆಯಾಗಿ ಹಿಡಿದರೆ, ಒಂದು ಗೆರೆಯಷ್ಟು ಹಸಿರು ಮಿಂಚಿ ಹೋಗುತ್ತಿತ್ತು. ಬುಧನಿಗೆ ಇಷ್ಟು ಸಾಕು ಅಂದುಕೊಂಡೆ. ಉಳಿದ ಒಡಕು ತುಂಡುಗಳನ್ನೂ ಲೆಕ್ಕವಾಗಿ ಅದೇ ಡಬ್ಬಿಗೆ ಹಾಕಿ ಹೊನ್ನಾಳಿಗೆ ಕಳಿಸಿದೆ. ಗಿರಾಕಿಯ ಕಲ್ಲಿನ ಪುಡಿಯನ್ನೂ ಇಟ್ಟುಕೊಳ್ಳಬಾರದೆಂದು ನಮ್ಮ ಅಬ್ಬಾ ಕಲಿಸಿದ್ದರು.

ಒಂದು ವಾರದ ಮೇಲೆ ಆಚಾರ್ರ ಫೋನು ಬಂತು. ಅವರು ಮಾತನ್ನು ಸುತ್ತಿ ಬಳಸಿ ತಂದರು. ಕಲ್ಲಿನ ಯಜಮಾನರು ಜಗಳೂರು ತಾಲ್ಲೂಕು ಬಿಳಿಚೋಡಿನವರು, ನ್ಯಾಮತಿಯ ಅಳಿಯ, ಅವರ ಮದುವೆಯ ಒಡವೆಯಿಂದ ಹಿಡಿದು ಎಲ್ಲವನ್ನೂ ತಾವೇ ಮಾಡಿಕೊಟ್ಟದ್ದು, ಒಳ್ಳೆಯ ಜನ, ಹೀಗೆಲ್ಲ ಹೇಳಿ ಕೊನೆಗೆ, ‘ಇದು ನನ್ ಕಲ್ಲಲ್ಲ ಅಂತಾರೆ ಸಾಬ್ರೆ’ ಅಂದರು. ಒಡಕು ತುಂಡು ಹಸಿರು, ಸಾಣೆ ಹಿಡಿದದ್ದು ಕಪ್ಪು, ಎರಡೂ ಒಂದೇ ಕಲ್ಲಾಗುವುದು ಹೇಗೆ ಎಂಬುದು ಅವರ ಪ್ರಶ್ನೆಯಂತೆ.

ನನಗೆ ಮೈಯೆಲ್ಲ ಉರಿದುಹೋಯಿತು. ಈ ಕಸುಬಿನಲ್ಲಿ ಕೈ ತಪ್ಪಿ ಕೆಲಸ ಕೆಟ್ಟರೆ ಜನ ಮರೆಯುತ್ತಾರೆ. ಕಲ್ಲು ಬದಲಾಯಿಸಿದ ಎಂಬ ಮಾತು ಒಂದು ಸಲ ಬಂದರೆ ಸತ್ತ ಮೇಲೂ ಹೋಗುವುದಿಲ್ಲ. ಎರಡು ಬಣ್ಣದ ವಿಷಯವನ್ನು ನಾಲ್ಕು ಮಾತಿನಲ್ಲಿ ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ. ಯಾವ ಲ್ಯಾಬಿಗೆ ಬೇಕಾದರೂ ಕಳಿಸಿ, ಅಲ್ಲಿಂದ ಚೀಟಿ ಬಂದ ಮೇಲೆ ನನ್ನ ಜೊತೆ ಮಾತಾಡಿ ಎಂದು ಫೋನ್ ಇಟ್ಟೆ. ಆಮೇಲೆ ಆಚಾರ್ರ ನಂಬರು ಬಂದಾಗಲೆಲ್ಲ ಕಟ್ ಮಾಡಿದೆ. ಗೊತ್ತಿಲ್ಲದ ಇನ್ನೊಂದು ನಂಬರಿನಿಂದಲೂ ಆರು ಸಲ ಬಂತು, ಅದನ್ನೂ ಎತ್ತಲಿಲ್ಲ. ‘ನಿಮ್ ಸಿಟ್ಟಿಗೆ ಬೀಗ ಹಾಕ್ರಿ, ಫೋನಿಗಲ್ಲ’ ಎಂದು ಮನೆಯಲ್ಲಿ ಹೆಂಡತಿ ತಮಾಷೆ ಮಾಡಿದಳು. ಆಗ ನಾನು ನಗಲೂ ಇಲ್ಲ.

ಆ ಫೋನು ಬಂದ ಇಪ್ಪತ್ತಾರನೆಯ ದಿನ ಒಬ್ಬ ಹುಡುಗಿ ಅಂಗಡಿಯ ಮೆಟ್ಟಿಲು ಹತ್ತಿದಳು. ಇಪ್ಪತ್ತೈದರ ಆಸುಪಾಸು, ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಅದೇ ಸುಣ್ಣದ ಡಬ್ಬಿ. ಜಗಳೂರಿನಲ್ಲಿ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ, ರಜೆ ಹಾಕಿ ಬೆಳಿಗ್ಗೆ ಹೊರಟವಳು ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಆರು ಸಲ ಫೋನ್ ಮಾಡಿದ್ದು ಅವಳೇ. ನಾನು ಕೂರು ಎಂದೂ ಹೇಳದೆ, ಕಳ್ಳನ ಅಂಗಡಿಗೆ ಯಾಕಮ್ಮ ಬಂದೆ ಎಂದು ಕೇಳಿದೆ. ಅವಳ ಮುಖ ಸಣ್ಣದಾಯಿತು, ಆದರೆ ವಾಪಸು ಹೋಗಲಿಲ್ಲ.

‘ಅಪ್ಪ ನಿಮ್ಮನ್ನ ಕಳ್ಳ ಅಂದಿಲ್ಲ ಅಂಕಲ್’ ಅಂದಳು. ‘ನನ್ ಕಲ್ಲು ಹಸಿರಿತ್ತು, ಇದು ಕಪ್ಪೈತೆ ಅಂದ್ರು, ಅಷ್ಟೇ. ಅವ್ರಿಗೆ ಸಕ್ಕರೆ ಕಾಯಿಲೆ. ಎಡಗಣ್ಣು ಹೋಗೈತೆ, ಬಲಗಣ್ಣೂ ದಿನಾ ಮಬ್ಬಾಗ್ತಾ ಐತೆ. ಪೂರ್ತಿ ಹೋಗಾಕೆ ಮುಂಚೆ ಆ ಹಸಿರು ಒಂದ್ ಸಲ ನೋಡ್ಬೇಕು ಅಂತ ಸಾಣೆಗೆ ಕೊಟ್ಟಿದ್ದು.’

ಬುಧನ ಉಂಗುರಕ್ಕಲ್ಲವೇ ಎಂದು ಕೇಳಿದೆ. ನನ್ನ ದನಿ ನನಗೇ ಕೇಳಿಸದಷ್ಟು ಇಳಿದಿತ್ತು.

‘ಅಪ್ಪ ಉಂಗುರಾನೇ ಹಾಕಲ್ಲ. ಬೋರ್‌ವೆಲ್ ಗಾಡೀಲಿ ಕೆಲ್ಸ ಮಾಡಿದೋರು ಅಂಕಲ್. ಉಂಗುರ ಹಾಕಿದ್ರೆ ಪೈಪಿಗೆ ಸಿಕ್ಕಿ ಬೆರಳೇ ಹೋಗ್ತದೆ ಅಂತಾರೆ.’

ಕೂರಿಸಿ ನೀರು ಕೊಟ್ಟು ಪೂರ್ತಿ ಕೇಳಿದೆ. ಅವಳಪ್ಪ ರಿಗ್ ಓಡಿಸುವ ಡ್ರಿಲ್ಲರ್. ಅವಳು ಚಿಕ್ಕವಳಿದ್ದಾಗ ಮೂರು ವರ್ಷ ಆಫ್ರಿಕಾದಲ್ಲಿ ಬೋರು ಕೊರೆಯಲು ಹೋಗಿದ್ದರು. ಅಲ್ಲಿ ಒಂದು ಕಡೆ ಗಾಡಿ ನಿಲ್ಲಿಸಲು ನೆಲ ಸಮ ಮಾಡುವಾಗ ಈ ಕಲ್ಲು ಸಿಕ್ಕಿತಂತೆ. ಟ್ಯಾಂಕರಿನ ನೀರಿನಲ್ಲಿ ತೊಳೆದು ಬಿಸಿಲಿಗೆ ಹಿಡಿದರೆ, ಬಿಳಿಚೋಡಿನ ಹೊಲದಲ್ಲಿ ಆಗತಾನೆ ಎದ್ದ ಈರುಳ್ಳಿ ಪೈರಿನ ಬಣ್ಣ. ಅವತ್ತು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಮನೆ ನೆನೆಸಿಕೊಂಡು ಅತ್ತುಬಿಟ್ಟಿದ್ದರಂತೆ. ಒಣಗಿದ ಮೇಲೆ ಮೇಲಿನ ಸಿಪ್ಪೆ ಮಂಕಾಗಿ ಆ ಬಣ್ಣ ಮತ್ತೆ ಕಾಣಲಿಲ್ಲ. ಸಾಣೆ ಹಿಡಿಸಿದರೆ ಕಾಣುತ್ತದೆ ಎಂದು ಯಾರೋ ಹೇಳಿದ್ದರು, ಇವತ್ತು ನಾಳೆ ಎನ್ನುತ್ತ ವರ್ಷಗಳು ಹೋದವು. ಅವರು ಆಚಾರ್ರಿಗೆ ಹೇಳಿದ್ದು ಸಾಣೆ ಹಿಡಿಸಿಕೊಡಿ ಎಂದಷ್ಟೇ. ಹಸಿರು ಕಂಡ ಆಚಾರ್ರು ಬುಧ ಎಂದು ಬರೆದರು. ಚೀಟಿ ಕಂಡ ನಾನು ತೂಕ ಎಂದು ಓದಿದೆ. ಇಬ್ಬರಿಗೂ ಇದು ನೂರಾರು ಸಲ ಮಾಡಿದ ಕೆಲಸ.

ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು. ಕಲ್ಲನ್ನು ಭೂತಗನ್ನಡಿಯ ಕೆಳಗಿಟ್ಟು ಅವಳಿಗೆ ಓರೆಯಾಗಿ ತೋರಿಸಿದೆ. ಅಂಚಿನ ಆ ಗೆರೆಯ ಹಸಿರನ್ನು ನೋಡಿ ಅವಳು, ಹಾಗಾದರೆ ಬಣ್ಣ ಒಳಗೇ ಇದೆಯಾ ಎಂದು ಕೇಳಿದಳು. ಇದೆ, ನಾನೇ ಅದರ ಬಾಗಿಲು ಮುಚ್ಚಿದ್ದೇನೆ ಎಂದೆ. ಮತ್ತೆ ಕೊಯ್ದರೆ ಐದೂವರೆ ರತ್ತಿಯ ಕಲ್ಲು ಒಂದೂಕಾಲು ರತ್ತಿಗೆ ಇಳಿಯುತ್ತದೆ, ಕಡಲೆಕಾಳಿನಷ್ಟೂ ಉಳಿಯುವುದಿಲ್ಲ, ನಡುವೆ ಒಡೆದರೆ ಅದೂ ಇಲ್ಲ ಎಂದು ಮುಚ್ಚಿಡದೆ ಹೇಳಿದೆ. ಅವಳು ಅಪ್ಪನಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು. ನಾನು ಮೊದಲು ಕ್ಷಮೆ ಕೇಳಿದೆ. ಅವರು ಅದನ್ನು ಕೇಳಿಸಿಕೊಳ್ಳದವರಂತೆ, ‘ಸಣ್ಣದಾದ್ರೆ ಆಗ್ಲಿ ಸಾಬ್ರೆ, ಹಸಿರಾಗ್ಲಿ’ ಅಂದರು.

ಆಚಾರ್ರಿಗೂ ತಿಳಿಸಿದೆ. ಅವರು ಗಾಬರಿಯಾದರು. ಅಷ್ಟು ತೂಕದ ಕಲ್ಲನ್ನು ಪುಡಿ ಮಾಡುವುದು ಹುಚ್ಚುತನ, ಬೇಕಾದರೆ ಹಸಿರು ಕಾಣುವ ಬೇರೆ ಕಲ್ಲನ್ನೇ ತರಿಸಿಕೊಟ್ಟುಬಿಡೋಣ, ಕಣ್ಣು ಮಂಜಾದವರಿಗೆ ಏನು ಗೊತ್ತಾಗುತ್ತದೆ ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ನಾನು ಮಾಡಿಲ್ಲವೆಂದು ತಿಂಗಳಿಡೀ ಹಾರಾಡಿದ್ದ ಕೆಲಸವನ್ನೇ ಈಗ ಮಾಡಲೇ? ಆಗುವುದಿಲ್ಲ ಎಂದೆ.

ಕಪ್ಪು ಕಲ್ಲನ್ನು ಅರಗು ಕರಗಿಸಿ ಕಡ್ಡಿಗೆ ಅಂಟಿಸುವುದರಿಂದ ಕೆಲಸ ಶುರು. ತುರಮಲಿ ಅವಸರವನ್ನು ತಡೆಯುವುದಿಲ್ಲ. ಬಿಸಿ ಒಮ್ಮೆಗೇ ಏರಿದರೆ ಒಳಗಿನಿಂದ ಚಟ್ ಎಂದು ಬಿರಿಯುತ್ತದೆ. ಕಡ್ಡಿಯನ್ನು ದೀಪದಿಂದ ಗೇಣು ದೂರ ಹಿಡಿದು, ಬೆರಳಿಗೆ ತಾಗಿಸಿ ನೋಡುತ್ತ, ಅರ್ಧ ಗಂಟೆ ಕಾಯಿಸಿದೆ. ಈಗ ಕಲ್ಲು ಪಕ್ಕಕ್ಕೆ ಮಲಗಿತ್ತು. ಹಿಂದೆ ನಾನೇ ಕೂರಿಸಿದ್ದ ಮುಖಗಳನ್ನೆಲ್ಲ ಮೊದಲ ದಿನವೇ ತಾಮ್ರದ ತಟ್ಟೆಗೆ ಒತ್ತಿ ತೇಯ್ದು ಹಾಕಿದೆ. ಸೊಗಸಾದ ಕೆಲಸವಾಗಿತ್ತು ಅದು. ಹಸಿರು ಕೆಸರು ತಟ್ಟೆಯಿಂದ ಇಳಿದು ಬೋಗುಣಿಗೆ ಸೇರುವುದನ್ನು ನೋಡುತ್ತ ಕೂತೆ.

ಆಕಾರ ಉದ್ದಚೌಕ. ಮೇಲ್ಮುಖ ಪಕ್ಕದ ಕಡೆಗೆ ಬಂತು, ಸರಿ. ಆದರೆ ಎರಡು ಸಣ್ಣ ತುದಿಗಳಿಂದ ಆ ಕಪ್ಪು ಒಳಗೆ ನುಗ್ಗಿ ಹಸಿರನ್ನು ಕೆಡಿಸುತ್ತದೆ. ಅದನ್ನು ತಡೆಯಲು ತುದಿಯ ಮುಖಗಳನ್ನು ತೀರಾ ಕಡಿದಾಗಿ, ಬಾವಿಯ ಗೋಡೆಯ ಹಾಗೆ ಇಳಿಸಬೇಕು. ನಾಲ್ಕನೆಯ ದಿನ ಒಂದು ಮೂಲೆಯಲ್ಲಿ ಕೂದಲಿನಷ್ಟು ಸಣ್ಣ ತೂತು ಬಾಯಿ ತೆರೆಯಿತು. ಒಳಗಿದ್ದ ಟೊಳ್ಳು ಗೆರೆಯೊಂದು ಮೇಲಕ್ಕೆ ಬಂದಿತ್ತು. ಅದರೊಳಗೆ ಮೆರುಗಿನ ಪುಡಿ ಸಿಕ್ಕರೆ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ. ಇಡೀ ಪಕ್ಕವನ್ನು ಮತ್ತೆ ಇಳಿಸಿ, ಎದುರಿನದನ್ನೂ ಅಷ್ಟೇ ಇಳಿಸಿ, ಎಲ್ಲವನ್ನೂ ಮೊದಲಿನಿಂದ ಕೂರಿಸಬೇಕಾಯಿತು. ಆರನೆಯ ದಿನ ಬೆಳಗಿನಿಂದ ಸಂಜೆಯವರೆಗೆ ಕರೆಂಟಿಲ್ಲ. ಸುಮ್ಮನೆ ಕೂತು ಕಲ್ಲನ್ನು ನೋಡುತ್ತಿದ್ದೆ, ಬಾಯಿಗೆ ಬಂದಂತೆ ಬೈಯುತ್ತಿದ್ದೆ, ಯಾರಿಗೆಂದು ಗೊತ್ತಿಲ್ಲ.

ಹುಡುಗಿ ದಿನಾ ಸಂಜೆ ಕೆಲಸ ಬಿಟ್ಟ ಮೇಲೆ ಫೋನ್ ಮಾಡುತ್ತಿದ್ದಳು. ಅವಸರ ಮಾಡಿ ಎಂದು ಒಂದು ದಿನವೂ ಕೇಳಲಿಲ್ಲ. ಅಪ್ಪನಿಗೆ ಹೇಗಿದೆ ಎಂದು ನಾನೇ ಕೇಳುತ್ತಿದ್ದೆ. ಇನ್ನೂ ಕಾಣುತ್ತದೆ ಅನ್ನುತ್ತಾರೆ, ನಿನ್ನೆ ಟಿವಿ ಮುಂದೆ ಕೂತಿದ್ದರು, ಇವತ್ತು ನನ್ನ ಹೊಸ ಚೂಡಿದಾರ ಚೆನ್ನಾಗಿದೆ ಅಂದರು, ಹೀಗೆ ಹೇಳುತ್ತಿದ್ದಳು. ಫೋನ್ ಇಟ್ಟ ಮೇಲೆ ನನ್ನ ಎದೆ ಹಗುರಾಗುತ್ತಿತ್ತು.

ಒಂಬತ್ತನೆಯ ದಿನ ಮಧ್ಯಾಹ್ನ ಕೊನೆಯ ಮೆರುಗು ಮುಗಿಯಿತು. ಅರಗು ಬಿಡಿಸಿ, ಸ್ಪಿರಿಟ್ಟಿನಲ್ಲಿ ತೊಳೆದು, ಬಿಳಿ ಕಾಗದದ ಮೇಲಿಟ್ಟೆ. ನಾನು ಸುಲಭವಾಗಿ ಹೊಗಳುವವನಲ್ಲ, ನನ್ನ ಕೆಲಸವನ್ನಂತೂ ಅಲ್ಲವೇ ಅಲ್ಲ. ಆದರೆ ಆ ಕಲ್ಲನ್ನು ನೋಡಿ ಅಂಗಡಿಯ ಬಾಗಿಲಿಗೆ ಹೋಗಿ ನಿಂತುಬಿಟ್ಟೆ. ಹಸಿರು, ಅದರೊಳಗೆ ಒಂದಿಷ್ಟು ನೀಲಿ, ಹಳದಿಯ ಸೋಂಕಿಲ್ಲ. ಈರುಳ್ಳಿ ಪೈರಿನ ಬಣ್ಣವೇ. ಭೂತಗನ್ನಡಿಯಲ್ಲಿ ನೋಡಿದರೆ ಕೆಳಗಿನ ಅಂಚಿನ ಗೆರೆಗಳು ಒಂದೊಂದೂ ಎರಡೆರಡಾಗಿ ಕಾಣುತ್ತಿದ್ದವು. ತುರಮಲಿ ಮೂಲಕ ನೋಡಿದರೆ ಹಾಗೆಯೇ. ತುದಿಯಿಂದ ನೋಡಿದೆ. ಅಲ್ಲಿ ಮೊದಲಿನಂತೆಯೇ ಕಪ್ಪು, ಅದನ್ನು ಯಾರೂ ತೆಗೆಯಲಾರರು.

ಮರುದಿನ ಭಾನುವಾರ. ಮೊದಲ ಬಸ್ಸಿಗೆ ದಾವಣಗೆರೆಗೆ ಹೋಗಿ, ಅಲ್ಲಿಂದ ಜಗಳೂರಿನ ಬಸ್ಸು ಹತ್ತಿ ಬಿಳಿಚೋಡಿನಲ್ಲಿ ಇಳಿದೆ. ಹುಡುಗಿ ನಿಲ್ದಾಣದಲ್ಲೇ ಕಾಯುತ್ತಿದ್ದಳು. ದಾರಿಯಲ್ಲಿ ಡಬ್ಬಿ ತೆರೆದು ತೋರಿಸಿದೆ. ಅವಳು ಮುಟ್ಟಲಿಲ್ಲ, ಮೊದಲು ಅಪ್ಪ ನೋಡಲಿ ಅಂದಳು.

ಅವರು ಜಗಲಿಯ ಕಿಟಕಿ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ದೊಡ್ಡ ಆಳು, ಅಗಲ ಅಂಗೈ, ಇಸ್ತ್ರಿ ಮಾಡಿದ ಅಂಗಿ. ಬನ್ನಿ ಸಾಬ್ರೆ ಎಂದು ನನ್ನ ಕಡೆಗೇ ತಿರುಗಿ ನಕ್ಕರು. ಮಗಳು ಎದುರಿಗೆ ನಿಂತು ಅವರ ಮುಖವನ್ನೇ ನೋಡುತ್ತಿದ್ದಳು. ನಾನು ಕಲ್ಲನ್ನು ಅವರ ಬೆರಳುಗಳಿಗೆ ದಾಟಿಸಿ ಪಕ್ಕದ ಕಟ್ಟೆಯ ಮೇಲೆ ಕೂತೆ. ಅವರು ಅದನ್ನು ಒಂದು ಸಲ ಹೊರಳಿಸಿ, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಬಲಗಣ್ಣಿನ ಹತ್ತಿರಕ್ಕೆ ತಂದು ಕಿಟಕಿಯ ಬೆಳಕಿಗೆ ಎತ್ತಿದರು. ಬಹಳ ಹೊತ್ತು ಹಾಗೇ ಹಿಡಿದಿದ್ದರು.

‘ಹೌದು. ಇದೇ ನನ್ ಕಲ್ಲು’ ಅಂದರು. ‘ಈರುಳ್ಳಿ ಪೈರು ಎದ್ದಂಗೆ ಐತೆ ನೋಡವ್ವ.’

ಹುಡುಗಿ ಸೆರಗಿನಂತೆ ದುಪಟ್ಟಾ ಎಳೆದು ಕಣ್ಣೊರೆಸಿಕೊಂಡಳು. ಚಹಾ ಮಾಡುತ್ತೇನೆ ಎಂದು ನಗುತ್ತಲೇ ಒಳಗೆ ಹೋದಳು.

ಕಲ್ಲನ್ನು ಅವರು ತುದಿ ಕಣ್ಣಿಗೆ ಬರುವಂತೆ, ಉದ್ದಕ್ಕೆ ಹಿಡಿದಿದ್ದರು. ಎಂಥ ಚುರುಕು ಕಣ್ಣಿನವನಿಗೂ ಆ ಕಡೆಯಿಂದ ಕಾಣುವುದು ಕಪ್ಪು ಮಾತ್ರ. ಅವರ ಮುಖ ನೋಡುತ್ತಿದ್ದ ಮಗಳಿಗೆ ಅದು ತಿಳಿಯಲಿಲ್ಲ. ಆ ಮನೆಯಲ್ಲಿ ಅದು ತಿಳಿಯುವವನು ನಾನೊಬ್ಬನೇ ಇದ್ದೆ.

ಎದ್ದು ಅವರ ಹತ್ತಿರ ಹೋಗಿ, ಎಷ್ಟು ದಿನವಾಯಿತು ಎಂದು ಮೆಲ್ಲಗೆ ಕೇಳಿದೆ. ಅವರ ಕೈ ಕೆಳಗಿಳಿಯಿತು. ಅಡುಗೆಮನೆಯ ಕಡೆ ಕಿವಿಗೊಟ್ಟು, ಪಾತ್ರೆಯ ಸದ್ದು ಕೇಳಿದ ಮೇಲೆ ಮಾತಾಡಿದರು.

‘ಹನ್ನೆರಡು ದಿನ ಆತು. ಬೆಳಕು ಯಾವ ಕಡೆ ಅಂತ ತಿಳೀತದೆ, ಅಷ್ಟೇ. ಅವಳಿಗೆ ಹೇಳಬ್ಯಾಡ್ರಿ. ಗೊತ್ತಾದ್ರೆ ಕೆಲ್ಸ ಬಿಟ್ಟು ನನ್ನ ನೋಡ್ಕೊಳ್ಳಾಕೆ ಮನೇಲಿ ಕೂರ್ತಾಳೆ.’

ಹನ್ನೆರಡು ದಿನ. ಹುಡುಗಿ ನನ್ನ ಮೆಟ್ಟಿಲು ಹತ್ತಿ ಹತ್ತು ದಿನವಾಗಿತ್ತು. ಅವಳು ಬರುವುದಕ್ಕೆ ಎರಡು ದಿನ ಮುಂಚೆಯೇ ಕಣ್ಣು ಹೋಗಿತ್ತು. ಹಸಿರಾಗಲಿ ಎಂದು ಫೋನಿನಲ್ಲಿ ನನಗೆ ಹೇಳಿದಾಗಲೇ ಅವರಿಗೆ ಕಾಣುತ್ತಿರಲಿಲ್ಲ. ಅದಕ್ಕೂ ಹಿಂದಿನ ಇಪ್ಪತ್ನಾಲ್ಕು ದಿನ ಅವರಿಗೆ ಬಲಗಣ್ಣಿತ್ತು, ನನಗೆ ಸಿಟ್ಟಿತ್ತು. ಹುಡುಗಿಯ ಫೋನ್ ಮೊದಲ ಸಲ ರಿಂಗಾದಾಗಲೇ ಎತ್ತಿದ್ದರೆ ಒಂಬತ್ತು ದಿನದ ಕೆಲಸ ಮುಗಿಸಿ ಬಂದು ಇದೇ ಕಿಟಕಿಯ ಹತ್ತಿರ ಕೂರಬಹುದಿತ್ತು. ನನ್ನಿಂದ ತಪ್ಪಾಯಿತು ಎಂದೆ. ಅವರು ನನ್ನ ಮುಂಗೈಯನ್ನು ಹುಡುಕಿ ಹಿಡಿದುಕೊಂಡರು.

‘ನೀವ್ ಹೇಳ್ರಿ. ಹಸಿರು ಬಂದೈತಾ?’

‘ಬಂದೈತೆ.’

‘ನಿಜ?’

‘ಖುದಾ ಸಾಕ್ಷಿ. ಈರುಳ್ಳಿ ಪೈರೇ.’

ಅವರು ತಲೆಯಾಡಿಸಿದರು. ಒಳಗೆ ಲೋಟಗಳನ್ನು ಜೋಡಿಸುವ ಸದ್ದಾಯಿತು. ನಾನು ಅವರ ಬೆರಳ ನಡುವಿನ ಕಲ್ಲನ್ನು ತಿರುಗಿಸಿದೆ. ಅವರ ಹೆಬ್ಬೆರಳನ್ನು ಅದರ ಮೇಲೆ ಆಡಿಸಿ, ‘ಇಲ್ಲಿ ಅಗಲವಾಗಿ, ನುಣ್ಣಗೆ ಒಂದು ಮುಖ ಸಿಗ್ತೈತಲ್ಲ ಅಣ್ಣಾರೆ, ಇದನ್ನ ಕಣ್ಣಿನ ಕಡೆ ಇಡ್ರಿ’ ಅಂದೆ. ‘ಸಣ್ಣ ತುದಿ ಕಿಟಕಿ ಕಡೆ ಹೋಗಬಾರದು. ಹೋದ್ರೆ ಕಪ್ಪು ಕಾಣ್ತೈತೆ. ಇವತ್ತಲ್ಲ ನಾಳೆ ಅವಳಿಗೆ ತಿಳೀತದೆ.’

ಅವರು ಹೊರಳಿಸಿ, ಬಿಟ್ಟು, ಮತ್ತೆ ಹೆಬ್ಬೆರಳಿನಿಂದ ಹುಡುಕಿದರು. ಮೊದಲ ಸಲ ತಪ್ಪಿತು. ಎರಡನೆಯ ಸಲ ಸರಿಯಾಗಿ ಹಿಡಿದರು. ಮೂರನೆಯ ಸಲ ನಾನು ಹೇಳುವ ಮೊದಲೇ ಸರಿಯಾಗಿತ್ತು. ಪೈಪಿನ ನಡುಕದಿಂದಲೇ ನೆಲದಡಿಯ ಕಲ್ಲು ಗುರುತಿಸುತ್ತಿದ್ದ ಕೈ ಅದು.

ಹುಡುಗಿ ಚಹಾ ತಂದಿಟ್ಟಳು. ಇನ್ನೊಂದು ಸಲ ನೋಡುತ್ತೀಯಾ ಅಪ್ಪಾ, ಈಗ ಬಿಸಿಲು ಚೆನ್ನಾಗಿದೆ ಎಂದು ಕೇಳಿದಳು. ಅವರು ಕಲ್ಲನ್ನು ಕಿಟಕಿಗೆ ಎತ್ತಿ ಹಿಡಿದರು. ಅವಳು ಅಪ್ಪನ ಭುಜದ ಹಿಂದೆ ಬಂದು ಬಗ್ಗಿ, ಅವರ ಕೆನ್ನೆಗೆ ಕೆನ್ನೆ ತಾಗಿಸಿ ನೋಡಿದಳು. ಕಲ್ಲು ಹಸಿರಾಗಿತ್ತು.